ಐದನೇ ಬಡಿತ: ಹಾರರ್ ಟ್ರೇಲರ್ ಕಟ್ಟುವ ಬಗೆ

ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ನೋಡುವವರಿಗೆ ಗೊತ್ತಾಗಬೇಕಾದ್ದು, ಬಲಕ್ಕೆ ಗೊತ್ತಾಗಕೂಡದ್ದು. ಬೀದರ್‌ನ ಹಳೇ ವಾಡೆಯೊಂದಕ್ಕೆ ಬಾಡಿಗೆಗೆ ಬಂದ ತಾಯಿ-ಮಗಳ ಕಥೆ ಅಂದುಕೊಳ್ಳೋಣ. ಹಿತ್ತಲಲ್ಲಿ ಬಾವಿ ಇದೆ, ರಾತ್ರಿ ಅಲ್ಲಿಂದ ದನಿ ಬರುತ್ತದೆ. ಇಷ್ಟು ಎಡಕ್ಕೆ. ದನಿ ಯಾರದು, ಯಾಕೆ ಕರೆಯುತ್ತದೆ, ಮುಖ ಹೇಗಿದೆ, ಇದೆಲ್ಲ ಬಲಕ್ಕೆ. ಟ್ರೇಲರ್ ಮುಗಿಯುವವರೆಗೂ ಅಲ್ಲೇ ಇರಲಿ. ಮೇಕಪ್‌ಗೆ ಇಷ್ಟೊಂದು ದುಡ್ಡು ಸುರಿದಿದ್ದೇವೆ, ದೆವ್ವದ ಮುಖ ತೋರಿಸಲೇಬೇಕು ಎಂದು ದುಡ್ಡು ಹಾಕಿದವರು ಹಟ ಹಿಡಿಯುತ್ತಾರೆ. ಒಂದು ಬೆರಳೋ ಒದ್ದೆ ಕೂದಲೋ ಕೊಟ್ಟು ಸಮಾಧಾನ ಮಾಡಿ. ನಿರ್ದೇಶಕ ಸ್ಟ್ಯಾನ್ಲಿ ಕೂಬ್ರಿಕ್ ಅವರ ‘ದಿ ಶೈನಿಂಗ್’ (1980) ಟೀಸರ್‌ನಲ್ಲಿ ಇದ್ದದ್ದು ಒಂದೇ ಶಾಟು: ಅಲುಗದ ಕ್ಯಾಮೆರಾ, ಲಿಫ್ಟಿನ ಬಾಗಿಲು, ಅಲ್ಲಿಂದ ನುಗ್ಗುವ ರಕ್ತ. ನಟರ ಮುಖವೇ ಇಲ್ಲ.

ಕಿರುಚಿತ್ರಕ್ಕೆ 75ರಿಂದ 90 ಸೆಕೆಂಡು ಸಾಕು. ಸೆಕೆಂಡಿಗೆ 24 ಫ್ರೇಮಿನಂತೆ (ಒಂದು ಫ್ರೇಮು ಅಂದರೆ ಒಂದು ಬಿಡಿ ಚಿತ್ರ) 90 ಸೆಕೆಂಡಿಗೆ 2160 ಫ್ರೇಮು. ಮೊದಲ 25 ಸೆಕೆಂಡು ಮಾಮೂಲಿ ಬದುಕು: ರೊಟ್ಟಿ ಬಡಿಯುವ ಕೈ, ಶಹಾಬಾದ್ ಕಲ್ಲಿನ ನೆಲ ಒರೆಸುವುದು, ಮಗು ಬಾವಿಯೊಳಗೆ ಇಣುಕುವುದು. ಒಂದೊಂದು ಶಾಟು ಮೂರು-ನಾಲ್ಕು ಸೆಕೆಂಡು. ಆಮೇಲೆ ಎರಡು ಸೆಕೆಂಡಿಗೆ ಇಳಿಸಿ. ಕೊನೆಯ ಓಟದಲ್ಲಿ 8ರಿಂದ 12 ಫ್ರೇಮು. ಒಂದೇ ಸಮನೆ ಚಿಕ್ಕದಾಗುತ್ತ ಹೋದರೆ ಕಣ್ಣು ಆ ಲಯಕ್ಕೆ ಒಗ್ಗಿಬಿಡುತ್ತದೆ. ಓಟದ ನಡುವೆ ಐದು ಸೆಕೆಂಡಿನ ಅಲುಗದ ಶಾಟೊಂದನ್ನು ತುರುಕಿ: ತಾಯಿ ಬೆನ್ನು ಮಾಡಿ ನಿಂತಿದ್ದಾಳೆ, ಚೌಕಟ್ಟಿನ ಮೂರರಲ್ಲಿ ಎರಡು ಪಾಲು ತೆರೆದ ಬಾಗಿಲಿನ ಕತ್ತಲು. ಅಲ್ಲಿ ಏನನ್ನೂ ಇಡಬೇಡಿ. ನೋಡುವವರು ತಾವೇ ಹುಡುಕುತ್ತಾರೆ.

ಈಗ ಬಾಗಿಲು ಬಡಿಯುವ ದೃಶ್ಯ. ಹಳೇ ಬಾಗಿಲಿನ ಕಬ್ಬಿಣದ ಚಿಲಕ ಹಲಗೆಗೆ ತಾಗುವ ಸದ್ದು. ಮೊದಲ ಬಡಿತ, 24 ಫ್ರೇಮ್ ಬಿಟ್ಟು ಎರಡನೆಯದು, ಮತ್ತೆ 24ಕ್ಕೆ ಮೂರನೆಯದು, ಮತ್ತೆ 24ಕ್ಕೆ ನಾಲ್ಕನೆಯದು. ಅಷ್ಟರಲ್ಲಿ ನೋಡುವವರ ಮೈ ಎಣಿಕೆ ಶುರು ಮಾಡಿರುತ್ತದೆ. ಐದನೆಯದನ್ನು ಹಾಕಬೇಡಿ. 24 ಫ್ರೇಮ್ ಕಳೆಯಲಿ, 40 ಕಳೆಯಲಿ. ಚಿತ್ರದಲ್ಲಿ ಚಿಲಕ ಸಣ್ಣಗೆ ತೂಗುತ್ತಿರಲಿ, ಅಷ್ಟೇ. ಇಲ್ಲಿ ಹಿನ್ನೆಲೆ ಸಂಗೀತ ಹಾಕಿದರೆ ಎಲ್ಲ ಹಾಳು, ಯಾಕೆಂದರೆ ಆ ಖಾಲಿ ಜಾಗವನ್ನು ಸಂಗೀತ ತುಂಬಿಬಿಡುತ್ತದೆ.

ಬೆಚ್ಚಿಬೀಳಿಸುವ ಪೆಟ್ಟು ಇಡೀ ಟ್ರೇಲರ್‌ಗೆ ಒಂದು, ಹೆಚ್ಚೆಂದರೆ ಎರಡು. ಮೂರನೆಯದಕ್ಕೆ ಮೈ ಒಗ್ಗಿರುತ್ತದೆ. ಪೆಟ್ಟಿಗೆ ಮುಂಚೆ ಸುಳ್ಳು ಸಮಾಧಾನ ಬೇಕು: ತಾಯಿ ಬಾಗಿಲು ತೆಗೆದು ನೋಡುತ್ತಾಳೆ, ಯಾರೂ ಇಲ್ಲ, ಉಸಿರು ಬಿಡುತ್ತಾಳೆ. ಆ ಉಸಿರಿನ ಹಿಂದೆಯೇ 10ರಿಂದ 14 ಫ್ರೇಮ್ ಕೋಣೆಯ ಸದ್ದನ್ನೂ ಪೂರ್ತಿ ಕತ್ತರಿಸಿ, ಆಮೇಲೆ ಹೊಡೆಯಿರಿ. ಎಡಿಟರ್‌ಗಳು ತಪ್ಪುವುದು ಇಲ್ಲೇ. ಕ್ಲಿಪ್ಪಿನ ತುದಿಗೆ ಫೇಡ್ ಹಾಕುತ್ತಾರೆ, ಸದ್ದು ಮೆಲ್ಲಗೆ ಏರುತ್ತದೆ, ಯಾರೂ ಬೆಚ್ಚುವುದಿಲ್ಲ. ಮೈ ಜುಂ ಎನ್ನಬೇಕಾದರೆ ಸದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಪೂರ್ತಿ ಏರಬೇಕು. ಫೇಡ್ ತೆಗೆದುಹಾಕಿ. ಚಿತ್ರ ಮತ್ತು ಸದ್ದು ಒಂದೇ ಫ್ರೇಮಿನಲ್ಲಿರಲಿ. ಸದ್ದು ಒಂದು ಫ್ರೇಮ್ ಮುಂಚೆ ಬಂದರೂ ನಡೆಯುತ್ತದೆ, ಮೂರು ಫ್ರೇಮ್ ತಡವಾದರೆ ಪೆಟ್ಟು ಸಡಿಲ.

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಅದೇ ‘ಢಂ’ ಎಲ್ಲರ ಕಿವಿಗೂ ಪರಿಚಯ. ನಮ್ಮ ಕಡೆಯ ಮನೆಗಳಲ್ಲಿ ಅದಕ್ಕಿಂತ ಒಳ್ಳೇ ಸರಕು ಬಿದ್ದಿದೆ. ಬೀಸುಕಲ್ಲಿಗೆ ಒಂದು ಹಿಡಿ ಜೋಳ ಹಾಕಿ ಮೆಲ್ಲಗೆ ತಿರುಗಿಸಿ, ಮೈಕನ್ನು ಒಂದು ಗೇಣು ದೂರ ಇಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ. ವೇಗ ಅರ್ಧಕ್ಕಿಳಿಸಿದರೆ ಸದ್ದು ಒಂದು ಸಪ್ತಕ ಕೆಳಗಿಳಿಯುತ್ತದೆ, ಕಾಲುಭಾಗಕ್ಕಿಳಿಸಿದರೆ ಎರಡು. ನೆಲದಡಿ ಏನೋ ಹೊರಳಿದ ಹಾಗೆ ಕೇಳುತ್ತದೆ. ರೆಕಾರ್ಡರ್‌ನಲ್ಲಿ 96 ಕಿಲೋಹರ್ಟ್ಸ್ ಇದ್ದರೆ ಅದನ್ನೇ ಆರಿಸಿ, ನಿಧಾನ ಮಾಡಿದಾಗ ಸದ್ದು ಮಂಕಾಗುವುದು ಕಡಿಮೆ. ಎಲುಬು ಮುರಿಯುವ ಸದ್ದಿಗೆ ಒಣ ತೊಗರಿ ಕಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ಒಣ ಸದ್ದು ಮಾತ್ರ ಬಂದರೆ ಅದು ಕಟ್ಟಿಗೆಯೇ, ಬಟ್ಟೆಯ ಒದ್ದೆ ಸೇರಿದರೆ ಮಾಂಸದ ನೆನಪು ಬರುತ್ತದೆ. ರೆಕಾರ್ಡ್ ಮಾಡುವಾಗ ಫ್ಯಾನು, ಫ್ರಿಜ್ಜು, ಇನ್ವರ್ಟರ್ ಬಂದ್ ಇರಬೇಕು. ಇಲ್ಲದಿದ್ದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಕಲಬುರಗಿ ಬೇಸಗೆಯಲ್ಲಿ ಫ್ಯಾನಿಲ್ಲದೆ ಎರಡು ನಿಮಿಷ ಕೂರುವುದೇ ಒಂದು ಹಾರರ್, ಆದರೂ ಕೂರಿ.

ಏರುತ್ತಲೇ ಇದೆ ಅನ್ನಿಸಿ ಎಲ್ಲಿಗೂ ಮುಟ್ಟದ ಸದ್ದೊಂದಿದೆ, ಷೆಪರ್ಡ್ ಟೋನ್. ರೋಜರ್ ಷೆಪರ್ಡ್ 1964ರಲ್ಲಿ ವಿವರಿಸಿದ್ದು. ಸಪ್ತಕದ ಅಂತರದ ನಾಲ್ಕೈದು ಸ್ವರಗಳು ಒಟ್ಟಿಗೆ ಮೇಲೇರುತ್ತವೆ. ಮೇಲಿನದು ಕರಗುವಾಗ ಕೆಳಗಿನಿಂದ ಹೊಸದೊಂದು ಸದ್ದಿಲ್ಲದೆ ಸೇರುತ್ತದೆ. ಕೊನೆಯ 20 ಸೆಕೆಂಡಿನ ಅಡಿಯಲ್ಲಿ ಸಣ್ಣಗೆ ಇಟ್ಟರೆ ಸಾಕು.

ಬಹುತೇಕರು ನೋಡುವುದು ಮೊಬೈಲಿನಲ್ಲಿ, ಅದರ ಸ್ಪೀಕರಿನಲ್ಲಿ 150 ಹರ್ಟ್ಸಿಗಿಂತ ಕೆಳಗಿನದು ಕೇಳಿಸುವುದೇ ಇಲ್ಲವೆನ್ನಬಹುದು. ಬೀಸುಕಲ್ಲಿನ ಟ್ರ್ಯಾಕನ್ನು ನಕಲು ಮಾಡಿ, ಅದಕ್ಕೆ ಸ್ಯಾಚುರೇಶನ್ (ಸದ್ದನ್ನು ತುಸು ಒರಟಾಗಿಸುವ ಎಫೆಕ್ಟು) ಹಾಕಿ, 200ರಿಂದ 500 ಹರ್ಟ್ಸ್ ಭಾಗ ಮಾತ್ರ ಉಳಿಸಿ ಮೂಲದ ಮೇಲೆ ಹೊದಿಸಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಇಡೀ ಸದ್ದಿನ ಜೋರನ್ನು ಅಳೆಯುವ ಮಾನ) ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಮೊದಲಿನಿಂದ ಕೊನೆವರೆಗೂ ಅಬ್ಬರಿಸಿದರೆ ನಿಮ್ಮ ಪೆಟ್ಟೂ ಅದರ ಜೊತೆಗೇ ತಗ್ಗುತ್ತದೆ. ಕತ್ತಲಿನ ಶಾಟುಗಳು ಅಪ್‌ಲೋಡ್ ಆದಮೇಲೆ ಚೌಕಚೌಕವಾಗಿ ಒಡೆಯುತ್ತವೆ. ಸಣ್ಣ ಗ್ರೇನ್ (ಹಳೇ ಫಿಲ್ಮಿನಂಥ ಮರಳು ಚುಕ್ಕೆ) ಸೇರಿಸಿ, ಕತ್ತಲನ್ನು ತುಸು ಮೇಲೆತ್ತಿ.

ಮಾತು ಒಂದೇ ಇರಲಿ, ಅದೂ ಮನೆಮಾತಿನಲ್ಲಿ. ಕಪ್ಪು ತೆರೆಯ ಮೇಲೆ ಮಗಳ ದನಿ: “ಅವ್ವಾ, ನೀ ಇಲ್ಲೇ ಇದ್ದಿ... ಮತ್ತ ಬಾವ್ಯಾಗಿಂದ ಕರ್ಲತ್ತಾಕಿ ಯಾರು?” ಇದನ್ನೇ ಗ್ರಾಂಥಿಕ ಮಾಡಿದರೆ ನಾಟಕದ ತಾಲೀಮಿನ ಹಾಗೆ ಕೇಳುತ್ತದೆ.

ಜಾಗದ ಮಾತು. ಬೀದರ್‌ನ ನೌಬಾದ್‌ನಲ್ಲಿರುವ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಮೇಲಿನ ಕಿಂಡಿಗಳಿಂದ ಅಲ್ಲಲ್ಲಿ ಬೀಳುವ ಬೆಳಕಿನಿಂದ ಕ್ಯಾಮೆರಾಕ್ಕೆ ಹಬ್ಬ. ಅನುಮತಿ ಇಲ್ಲದೆ ಇಳಿಯಬೇಡಿ, ಮಳೆಗಾಲದಲ್ಲಿ ಹೋಗಲೇಬೇಡಿ, ಹೊಗೆ ಮತ್ತು ಜನರೇಟರ್ ಒಳಗೆ ಒಯ್ಯಬೇಡಿ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು, ಚಿತ್ರೀಕರಣಕ್ಕೆ ಮುಂಚಿತ ಪರವಾನಗಿ ಬೇಕು. ಗುಡಿ, ದರ್ಗಾ, ಗೋರಿಗಳನ್ನು ದೆವ್ವದ ಮನೆ ಮಾಡುವುದು ಬೇಡ, ಜನ ನಡೆದುಕೊಳ್ಳುವ ಜಾಗಗಳು. ಮಾಲೀಕರು ಒಪ್ಪಿದ ಪಾಳು ವಾಡೆಯೇ ಚೆಂದ.

ಥಿಯೇಟರಿನಲ್ಲಿ ಹಾಕುವುದಾದರೆ ಟ್ರೇಲರ್‌ಗೂ ಸೆನ್ಸಾರ್ ಪತ್ರ ಬೇಕು. ಬೆಳಕು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗದಿರಲಿ, ಕೆಲವರಿಗೆ ಅದರಿಂದ ಮೂರ್ಛೆ ಬರುತ್ತದೆ.

ಉಳಿದದ್ದು ಶೀರ್ಷಿಕೆ. ಅದು ಮೂಡಿ ಮರೆಯಾದ ಮೇಲೆ ಮತ್ತೊಂದು ಕಿರುಚು ಬರುತ್ತದೆಂದು ಎಲ್ಲರೂ ಕಾಯುತ್ತಾರೆ. ಎರಡು ಸೆಕೆಂಡ್ ಕಪ್ಪು ಬಿಡಿ. ಆಗ ಆ ಐದನೇ ಬಡಿತ ಹಾಕಿ, ಮೊದಲ ನಾಲ್ಕಕ್ಕಿಂತ ಮೆಲ್ಲಗೆ. ಮೈಕನ್ನು ಬಾಗಿಲಿನ ಒಳಬದಿಗೆ ಇಟ್ಟು ರೆಕಾರ್ಡ್ ಮಾಡಿದ್ದಾಗಿರಲಿ.