ಕಣ್ಣುಮುಚ್ಚಿ ವೈ ಒತ್ತಿದ್ದಕ್ಕೆ

ಡೆಬಿಯನ್ ಅನ್ನೋ ಲಿನಕ್ಸ್ ಓಡುವ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಶುರುವಿನಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಕಮಾಂಡ್. ಹೊಸ ಪ್ಯಾಕೇಜ್‌ಗಳ (ಸಾಫ್ಟ್‌ವೇರ್ ಕಟ್ಟುಗಳ) ಪಟ್ಟಿ ತರುವ ಆಪ್ಟ್ ಅಪ್‌ಡೇಟ್, ಆಮೇಲೆ ಅವನ್ನು ಹಾಕುವ ಆಪ್ಟ್ ಅಪ್‌ಗ್ರೇಡ್. ಸ್ಕ್ರೀನ್ ಮೇಲೆ ಏನು ಕೇಳಿದರೂ ವೈ (ಹೌದು) ಒತ್ತುವುದು, ಮುಂದಿನ ಸರ್ವರ್‌ಗೆ ಹೋಗುವುದು.

ಒಂದು ಸಲ ಹೀಗೇ ಅಪ್‌ಗ್ರೇಡ್ ಮುಗಿಸಿದೆ. ಸೈಟ್ ತೆರೆಯುತ್ತಿತ್ತು, ಲಾಗಿನ್ ಆಗುತ್ತಿತ್ತು. ಸಂಜೆ ದೂರು ಬಂತು, ಫೋಟೊ ಅಪ್‌ಲೋಡ್ ಆಗ್ತಿಲ್ಲ ಅಂತ. ತಮಾಷೆ ಅಂದರೆ ಕೆಲವರಿಗೆ ಆಗುತ್ತಿತ್ತು! ಅಪ್ಲಿಕೇಶನ್ ಕೋಡ್ ನೋಡಿದೆ, ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿದೆ, ಫೋಲ್ಡರ್ ಪರ್ಮಿಶನ್ ನೋಡಿದೆ, ಎರಡು ಗಂಟೆ ಹೀಗೇ ಕಳೆದ ಮೇಲೆ ನಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್‌ನ ಲಾಗ್‌ನಲ್ಲಿ 413 ಅನ್ನೋ ಎರರ್ ಕಣ್ಣಿಗೆ ಬಿತ್ತು. ಕಳಿಸಿದ ಫೈಲ್ ಮಿತಿಗಿಂತ ದೊಡ್ಡದು ಅಂತ ಅದರ ಅರ್ಥ. ಆ ಮಿತಿಯನ್ನು ನಾನೇ 20 ಎಂಬಿಗೆ ಏರಿಸಿದ್ದೆ. ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ತೆರೆದರೆ ಆ ಸಾಲೇ ಮಾಯ. ಸಾಲು ಇಲ್ಲದಿದ್ದರೆ ಎಂಜಿನ್‌ಎಕ್ಸ್ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಚಿಕ್ಕ ಫೋಟೊ ಕಳಿಸಿದವರು ಬಚಾವ್.

ಅಳಿಸಿದ್ದು ಯಾರು? ಆಪ್ಟ್ ಪರವಾಗಿ ಪ್ಯಾಕೇಜ್ ಹಾಕುವ ಡಿಪಿಕೆಜಿ ಅನ್ನೋ ಟೂಲ್‌ನ ಲಾಗ್ ತೆಗೆದೆ. ಆ ಕಾನ್ಫಿಗ್ ಫೈಲ್ ಹೆಸರಿನ ಮುಂದೆ 'ಇನ್‌ಸ್ಟಾಲ್' ಅಂತಿತ್ತು. ನನ್ನದನ್ನು ಉಳಿಸಿಕೊಂಡಿದ್ದರೆ ಅಲ್ಲಿ 'ಕೀಪ್' ಅಂತ ಇರುತ್ತಿತ್ತು. ಕಳ್ಳ ನಾನೇ.

ಆಗಿದ್ದು ಇಷ್ಟು. ಕಾನ್ಫಿಗ್ ಫೈಲನ್ನು ನಾವೂ ತಿದ್ದಿ, ಹೊಸ ಪ್ಯಾಕೇಜ್‌ನಲ್ಲೂ ಅದು ಬದಲಾಗಿದ್ದರೆ ಡಿಪಿಕೆಜಿ ನಡುವೆ ನಿಂತು ಯಾವುದು ಬೇಕು ಅಂತ ಕೇಳುತ್ತದೆ. ವೈ ಅಂದರೆ ಹೊಸದು. ಎನ್ ಅಂದರೆ ನಮ್ಮದು. ಸುಮ್ನೆ ಎಂಟರ್ ಒತ್ತಿದ್ದರೂ ನನ್ನ ಫೈಲ್ ಉಳಿಯುತ್ತಿತ್ತು, ನಾನು ಕಷ್ಟಪಟ್ಟು ವೈ ಹುಡುಕಿ ಒತ್ತಿದ್ದೆ. ಪುಣ್ಯಕ್ಕೆ ಹಳೆಯದನ್ನು ಅದು ಎಸೆಯುವುದಿಲ್ಲ. ಅದೇ ಫೋಲ್ಡರ್‌ನಲ್ಲಿ, ಹೆಸರಿನ ಕೊನೆಗೆ 'ಡಿಪಿಕೆಜಿ-ಓಲ್ಡ್' ಅಂತ ಸೇರಿಸಿ ಇಟ್ಟಿತ್ತು. ಎರಡನ್ನೂ ಡಿಫ್ ಮಾಡಿ (ಹೋಲಿಸಿ ನೋಡಿ), ನನ್ನ ಸಾಲು ವಾಪಸ್ ಹಾಕಿ, ಸಿಂಟ್ಯಾಕ್ಸ್ ಟೆಸ್ಟ್ ಮಾಡಿ ರಿಲೋಡ್ ಕೊಟ್ಟೆ. ಐದೇ ನಿಮಿಷದ ಕೆಲಸ.

ಈಗ ಆ ಪ್ರಶ್ನೆ ಬಂದರೆ ಮೊದಲು ಡಿ ಒತ್ತುತ್ತೇನೆ. ಎರಡರ ನಡುವಿನ ವ್ಯತ್ಯಾಸ ಅಲ್ಲೇ ಕಾಣುತ್ತದೆ. ಸಾಮಾನ್ಯವಾಗಿ ನನ್ನದನ್ನೇ ಇಟ್ಟುಕೊಳ್ಳುತ್ತೇನೆ, ಹೊಸದು 'ಡಿಪಿಕೆಜಿ-ಡಿಸ್ಟ್' ಅಂತ ಪಕ್ಕದಲ್ಲಿ ಕೂತಿರುತ್ತದೆ, ಅದರಲ್ಲಿ ಬೇಕಾದ್ದನ್ನು ಆಮೇಲೆ ನಿಧಾನವಾಗಿ ಎತ್ತಿಕೊಳ್ಳಬಹುದು.

ಅಪ್‌ಗ್ರೇಡ್‌ಗೆ ಮುಂಚೆ ಸಿಮ್ಯುಲೇಟ್ ಆಯ್ಕೆ ಹಾಕಿ ಒಮ್ಮೆ ಓಡಿಸುವುದೂ ರೂಢಿಯಾಗಿದೆ. ಏನೂ ಬದಲಾಗುವುದಿಲ್ಲ, ಏನಾಗುತ್ತಿತ್ತು ಅನ್ನೋದು ಮಾತ್ರ ಕಾಣುತ್ತದೆ. ಫುಲ್-ಅಪ್‌ಗ್ರೇಡ್ ಮತ್ತು ಆಟೊರಿಮೂವ್‌ಗಂತೂ ಇದು ಬೇಕೇ ಬೇಕು, ಯಾಕಂದ್ರೆ ಆಪ್ಟ್ ಅಪ್‌ಗ್ರೇಡ್ ಇರುವ ಪ್ಯಾಕೇಜನ್ನು ಕಿತ್ತುಹಾಕುವುದಿಲ್ಲ, ಅವೆರಡು ಕಿತ್ತುಹಾಕುತ್ತವೆ. ಮತ್ತೆ ಎಲ್ಲವನ್ನೂ ಟಿಮಕ್ಸ್ (ಸರ್ವರ್‌ನಲ್ಲೇ ಉಳಿಯುವ ಟರ್ಮಿನಲ್) ಒಳಗೇ ಮಾಡುತ್ತೇನೆ. ನಡುವೆ ಸರ್ವರ್‌ಗಿರುವ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋದರೂ ಕೆಲಸ ನಿಲ್ಲಲ್ಲ.

ಡೇಟಾಬೇಸ್ ಪ್ಯಾಕೇಜ್‌ಗೆ ಆಪ್ಟ್-ಮಾರ್ಕ್ ಹೋಲ್ಡ್ ಹಾಕಿದ್ದೇನೆ, ನಾನು ಹೇಳುವ ತನಕ ಅದು ಅಲುಗಾಡಬಾರದು ಅಂತ. ಇದರಲ್ಲೂ ಒಂದು ಸಲ ಎಡವಿದೆ. ಹೋಲ್ಡ್ ಹಾಕಿ ಮರೆತೇಬಿಟ್ಟಿದ್ದೆ, ತಿಂಗಳುಗಟ್ಟಲೆ ಅದಕ್ಕೆ ಸೆಕ್ಯುರಿಟಿ ಫಿಕ್ಸ್‌ಗಳೂ ಬರಲಿಲ್ಲ. 'ಕೆಪ್ಟ್ ಬ್ಯಾಕ್' (ಅಪ್‌ಗ್ರೇಡ್ ಮಾಡದೆ ತಡೆದಿಟ್ಟಿದೆ) ಅಂತ ಆಪ್ಟ್ ಪ್ರತಿ ಸಲ ಹೇಳುತ್ತಲೇ ಇತ್ತು, ಓದಬೇಕಲ್ವಾ! ಈಗ ಅಪ್‌ಗ್ರೇಡ್ ಮಾಡುವ ದಿನ ಮೊದಲು ಆಪ್ಟ್-ಮಾರ್ಕ್ ಶೋಹೋಲ್ಡ್ ಹೊಡೆದು ಹೋಲ್ಡ್ ಹಾಕಿದವುಗಳ ಪಟ್ಟಿ ನೋಡುತ್ತೇನೆ.