ಹಳೆಯ ನುಡಿ ಫೈಲುಗಳನ್ನು ಯುನಿಕೋಡಿಗೆ ತಂದ ಬಗೆ: ಒಂದು ಮುದ್ರಣದಂಗಡಿಯ ಅನುಭವ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಮತ್ತು ಮುದ್ರಣದ ಅಂಗಡಿಯಿದೆ. ಸಹಕಾರ ಸಂಘಗಳ ವಾರ್ಷಿಕ ವರದಿ, ದೇವಸ್ಥಾನಗಳ ಸ್ತೋತ್ರಪುಸ್ತಿಕೆ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳ ಸದಸ್ಯರ ಪಟ್ಟಿ, ಲಗ್ನಪತ್ರಿಕೆ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ, ಇವು ನಮ್ಮ ಕೆಲಸಗಳು. ಇವೆಲ್ಲವೂ ವರ್ಷಗಟ್ಟಲೆ ಪೇಜ್‌ಮೇಕರ್ 7.0 ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ಕನ್ನಡ ಟೈಪಿಂಗಿನ ತಂತ್ರಾಂಶವಾದ ನುಡಿಯ ಹಳೆಯ ಫಾಂಟುಗಳಲ್ಲಿ, ಅಂದರೆ ನಾವು ಬಾಯಿಮಾತಿನಲ್ಲಿ ಆಸ್ಕಿ ಎಂದು ಕರೆಯುವ ವಿಧಾನದಲ್ಲಿ ಸಿದ್ಧವಾದವು. ಅಚ್ಚಾಗಿ ಹೋಗುವ ಕೆಲಸಕ್ಕೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಆದರೆ ಗ್ರಾಹಕರು ಹೋದ ವರ್ಷದ ವರದಿಯ ಬರಹವನ್ನೇ ವಾಟ್ಸಾಪಿನಲ್ಲಿ ಕಳುಹಿಸಿ ಎಂದು ಕೇಳತೊಡಗಿದ ಮೇಲೆ, ಅವರ ಫೋನಿನಲ್ಲಿ ನಮ್ಮ ಕನ್ನಡವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣಿಸತೊಡಗಿತು. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಗೊತ್ತಿದ್ದುದರಿಂದ ಕಂಪ್ಯೂಟರುಗಳನ್ನು ಬದಲಿಸಬೇಕಾಗಿತ್ತು. ಆ ಸಂದರ್ಭದಲ್ಲಿಯೇ ಹಳೆಯ ಬರಹವನ್ನೂ ಯುನಿಕೋಡಿಗೆ, ಅಂದರೆ ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿಗೆ, ತರುವ ಕೆಲಸಕ್ಕೆ ಕೈಹಾಕಿದೆವು. ಇದೇ ದಾರಿಯಲ್ಲಿರುವ ಇತರ ಸಣ್ಣ ಅಂಗಡಿಗಳಿಗೂ ಕಚೇರಿಗಳಿಗೂ ಉಪಯೋಗವಾಗಬಹುದೆಂದು ಅದರ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಫೈಲಿನೊಳಗೆ ನಿಜವಾಗಿ ಏನಿದೆ ಎಂಬುದು ಮೊದಲು ತಿಳಿದಿರಬೇಕು. ಆಸ್ಕಿ ವಿಧಾನದ ನುಡಿ ಫೈಲಿನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ‘ಕನ್ನಡ’ ಎಂದು ಟೈಪು ಮಾಡಿದಾಗ ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಚಿಹ್ನೆ ಮೊದಲಾದ ಏಳು ಸಂಕೇತಗಳು. ಪಿ ಅಕ್ಷರದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರವನ್ನೂ, ಗೀಟಿರುವ ಎ ಅಕ್ಷರದ ಜಾಗದಲ್ಲಿ ತಲೆಕಟ್ಟಿನ ಚಿತ್ರವನ್ನೂ, ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಚಿತ್ರವನ್ನೂ ಆ ಫಾಂಟು ಇಟ್ಟುಕೊಂಡಿರುವುದರಿಂದ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ. ಅಲ್ಲಿ ಇದೇ ಪದವು ಕ, ನ, ವಿರಾಮ (ವ್ಯಂಜನದ ಅಕಾರವನ್ನು ತೆಗೆಯುವ ಗುರುತು), ನ, ಡ ಎಂಬ ಐದೇ ಸಂಕೇತಗಳಾಗಿ, ಉಚ್ಚಾರಣೆಯ ಕ್ರಮದಲ್ಲಿ ನಿಲ್ಲುತ್ತದೆ.

ಈ ವ್ಯತ್ಯಾಸದ ಪರಿಣಾಮವು ನಮಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ಸದಸ್ಯರ ಪಟ್ಟಿಗಳಲ್ಲಿ. ನುಡಿ ಫಾಂಟಿನಲ್ಲಿದ್ದ ಎಕ್ಸೆಲ್ ಹಾಳೆಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ನಾಗರಾಜ, ನಂಜುಂಡಯ್ಯ ಮೊದಲಾದವರು ಅನಂತರಾಮಯ್ಯನವರಿಗಿಂತ ಮೇಲೆ ಹೋಗಿ ಕೂರುತ್ತಿದ್ದರು. ನಕಾರದ ಜಾಗದಲ್ಲಿರುವ ಪೌಂಡ್ ಚಿಹ್ನೆಯನ್ನು ಎಕ್ಸೆಲ್ ಅಕ್ಷರಗಳಿಗಿಂತ ಮೊದಲು ಇಡುತ್ತದೆ. ಅದಕ್ಕಾಗಿಯೇ ನಮ್ಮಲ್ಲಿ ಪಟ್ಟಿಗಳನ್ನು ಕೈಯಿಂದ ಜೋಡಿಸುವ ರೂಢಿಯಿತ್ತು.

ಪರಿವರ್ತನೆಗೆ ಮುನ್ನ ಪ್ರತಿ ತೆಗೆಯುವ ಕೆಲಸ. ಹಳೆಯ ಯಂತ್ರಗಳ ಹಾರ್ಡ್ ಡಿಸ್ಕುಗಳನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲನ್ನು ಎಸ್.ಪಿ. ರಸ್ತೆಯಿಂದ ತಂದು, ಎಲ್ಲವನ್ನೂ ಎರಡು ಬೇರೆ ಬೇರೆ ಹೊರ ಡಿಸ್ಕುಗಳಿಗೆ ನಕಲು ಮಾಡಿಕೊಂಡೆವು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯಿಂದ ಬರುವ ವಿದ್ಯುತ್ತು ಸಾಲುವುದಿಲ್ಲವಾದ್ದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಕೇಬಲನ್ನೇ ಕೇಳಿ ಪಡೆಯಬೇಕು. ಒಂದು ಡಿಸ್ಕು ಅಂಗಡಿಯಲ್ಲಿಯೂ ಇನ್ನೊಂದು ಮನೆಯಲ್ಲಿಯೂ ಇದೆ. ಫೈಲುಗಳ ಜೊತೆಗೆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ಇಡಿಯಾಗಿ ನಕಲು ಮಾಡಿಟ್ಟದ್ದು ಮುಂದೆ ಬಹಳ ಅನುಕೂಲವಾಯಿತು. ಹಳೆಯ ಯಂತ್ರಗಳಲ್ಲಿ ಒಂದನ್ನು ಪೇಜ್‌ಮೇಕರ್ ಮತ್ತು ನುಡಿಯ ಸಮೇತ, ಇಂಟರ್ನೆಟ್ ಸಂಪರ್ಕವನ್ನು ಪೂರ್ತಿ ತೆಗೆದು, ಹಾಗೆಯೇ ಉಳಿಸಿಕೊಂಡೆವು. ಇನ್‌ಡಿಸೈನ್ ಎಂಬ ಹೊಸ ಪುಟವಿನ್ಯಾಸ ತಂತ್ರಾಂಶದ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತಿದ್ದವು, ಅನಂತರದವು ತೆರೆಯುವುದಿಲ್ಲ. ಆದುದರಿಂದ ಈ ಯಂತ್ರವಿಲ್ಲದೆ ಹೋಗಿದ್ದರೆ ಕೆಲಸವೇ ನಿಲ್ಲುತ್ತಿತ್ತು.

ಆ ಯಂತ್ರದಲ್ಲಿಯೇ ಪ್ರತಿಯೊಂದು ಫೈಲನ್ನೂ ತೆರೆದು ಎರಡು ರೂಪಗಳಲ್ಲಿ ಹೊರತೆಗೆದೆವು. ಫಾಂಟುಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಒಂದು, ಆರ್‌ಟಿಎಫ್ ಇನ್ನೊಂದು. ಪಿಡಿಎಫ್ ಎಂದರೆ ಪುಟದ ಛಾಯಾಚಿತ್ರವಿದ್ದಂತೆ, ಮೂಲದಲ್ಲಿ ಏನಿತ್ತು ಎಂಬುದಕ್ಕೆ ಅದೇ ಕೊನೆಯ ಸಾಕ್ಷಿ. ಆರ್‌ಟಿಎಫ್ ಬೇಕಾದದ್ದು ಬರಹದ ಸಲುವಾಗಿ, ಅದರಲ್ಲಿಯೂ ಮುಖ್ಯವಾಗಿ ಫಾಂಟಿನ ಹೆಸರಿನ ಸಲುವಾಗಿ.

ಈ ಕೆಲಸದ ಜೀವಾಳವೆಲ್ಲ ಫಾಂಟಿನ ಹೆಸರಿನಲ್ಲಿದೆ ಎಂದೇ ನನ್ನ ಅಭಿಪ್ರಾಯ. ಪಿ ಎಂಬ ಅಕ್ಷರವು ನುಡಿ ಫಾಂಟಿನಲ್ಲಿದ್ದರೆ ಅದು ಕಕಾರ, ಟೈಮ್ಸ್ ನ್ಯೂ ರೋಮನ್ನಿನಲ್ಲಿದ್ದರೆ ಅದು ಇಂಗ್ಲಿಷಿನ ಪಿ. ಇವೆರಡನ್ನೂ ಬೇರ್ಪಡಿಸುವ ಗುರುತು ಫೈಲಿನಲ್ಲಿ ಬೇರೆ ಯಾವುದೂ ಇಲ್ಲ. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಪರಿವರ್ತಕಗಳಲ್ಲಿ ಒಂದು ಚೌಕದೊಳಗೆ ಆಸ್ಕಿ ಬರಹವನ್ನು ಅಂಟಿಸಿದರೆ ಇನ್ನೊಂದು ಚೌಕದಲ್ಲಿ ಯುನಿಕೋಡ್ ಬರುತ್ತದೆ. ಶುದ್ಧ ಕನ್ನಡದ ಬರಹಕ್ಕೆ ಅವು ಸೊಗಸಾಗಿ ಕೆಲಸ ಮಾಡುತ್ತವೆ. ಆದರೆ ಅಂಟಿಸುವ ಕ್ಷಣದಲ್ಲಿಯೇ ಫಾಂಟಿನ ಹೆಸರು ಕಳಚಿಹೋಗುವುದರಿಂದ ನಡುವೆ ಇರುವ ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ ಸಂಕೇತ, ಇಮೇಲ್ ವಿಳಾಸ ಎಲ್ಲವೂ ಕನ್ನಡದ ಚೂರುಗಳಾಗಿ ಮಾರ್ಪಡುತ್ತವೆ. ಸಹಕಾರ ಸಂಘದ ವರದಿಯಲ್ಲಿ ಇಂತಹವು ಪುಟಪುಟಕ್ಕೂ ಇರುತ್ತವೆ.

ಆದ್ದರಿಂದ ಆರ್‌ಟಿಎಫ್ ಫೈಲುಗಳನ್ನು ವರ್ಡಿನಲ್ಲಿ ತೆರೆದು ಡಾಕ್ಸ್ ರೂಪದಲ್ಲಿ ಉಳಿಸಿಕೊಂಡೆವು. ಡಾಕ್ಸ್ ಎಂಬುದು ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದರೊಳಗಿನ ಬರಹವು ಚಿಕ್ಕ ಚಿಕ್ಕ ತುಣುಕುಗಳಾಗಿದ್ದು, ಯಾವ ತುಣುಕು ಯಾವ ಫಾಂಟಿನದು ಎಂಬ ದಾಖಲೆಯೂ ಅಲ್ಲಿಯೇ ಇರುತ್ತದೆ. ನನ್ನ ಅಣ್ಣನ ಮಗನ ನೆರವಿನಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮನ್ನು ಬರೆದುಕೊಂಡೆವು. ಅದು ನುಡಿ ಅಥವಾ ‘ಬರಹ’ ಎಂಬ ತಂತ್ರಾಂಶದ ಫಾಂಟು ಇರುವ ತುಣುಕುಗಳನ್ನು ಮಾತ್ರ ಪರಿವರ್ತಿಸಿ, ಅವುಗಳ ಫಾಂಟನ್ನು ನೋಟೋ ಸೆರಿಫ್ ಕನ್ನಡಕ್ಕೆ ಬದಲಿಸಿ, ಉಳಿದ ತುಣುಕುಗಳನ್ನು ಮುಟ್ಟದೆ ಬಿಡುತ್ತದೆ. 1998ರಲ್ಲಿ ಬಂದ ಬರಹ ತಂತ್ರಾಂಶದ ಆಸ್ಕಿ ಫಾಂಟುಗಳೂ ನುಡಿಯವೂ ಬಹುಮಟ್ಟಿಗೆ ಒಂದೇ ಸಂಕೇತಗಳನ್ನು ಬಳಸುವುದರಿಂದ ಯಾವ ಸಂಕೇತಕ್ಕೆ ಯಾವ ಅಕ್ಷರ ಎಂಬ ಒಂದೇ ಪಟ್ಟಿ ಎರಡಕ್ಕೂ ಸಾಕಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಆಸ್ಕಿ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಮೊದಲು ಕ, ಆಮೇಲೆ ನಾ, ಅದರ ಬಲಕ್ಕೆ ಅರ್ಕಾವೊತ್ತು, ಅನಂತರ ಟ ಮತ್ತು ಕ ಎಂದು ಇರುತ್ತದೆ. ಯುನಿಕೋಡಿನಲ್ಲಿಯಾದರೋ ರೇಫವು ಉಚ್ಚಾರಣೆಗೆ ತಕ್ಕಂತೆ ನಕಾರಕ್ಕಿಂತ ಮೊದಲೇ ಬರಬೇಕು. ಹೀಗಾಗಿ ಪರಿವರ್ತಕವು ಅರ್ಕಾವೊತ್ತನ್ನು ಕಂಡ ಕೂಡಲೇ ಒಂದು ಪೂರ್ಣ ಅಕ್ಷರದಷ್ಟು ಹಿಂದಕ್ಕೆ ಹೋಗಿ ಅದನ್ನು ಸೇರಿಸಬೇಕಾಗುತ್ತದೆ. ಆದರೆ ವರ್ಡ್ ತನ್ನ ತುಣುಕುಗಳನ್ನು ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಪದದ ಅರ್ಧಭಾಗಕ್ಕೆ ಯಾರೋ ದಪ್ಪಕ್ಷರ ಕೊಟ್ಟಿದ್ದರೆ, ನಡುವೆ ಎಂದೋ ತಿದ್ದುಪಡಿ ನಡೆದಿದ್ದರೆ, ನಾ ಒಂದು ತುಣುಕಿನ ತುದಿಯಲ್ಲಿಯೂ ಅರ್ಕಾವೊತ್ತು ಮುಂದಿನ ತುಣುಕಿನ ಮೊದಲಲ್ಲಿಯೂ ಬಂದು, ಹಿಂದಕ್ಕೆ ಹೋಗಲು ದಾರಿಯೇ ಇಲ್ಲದಾಗುತ್ತದೆ. ಒಂದೇ ಫಾಂಟಿನ ಅಕ್ಕಪಕ್ಕದ ತುಣುಕುಗಳನ್ನು ಮೊದಲು ಒಂದುಗೂಡಿಸಿ, ಆಮೇಲೆ ಪರಿವರ್ತಿಸುವುದೇ ಇದಕ್ಕೆ ಪರಿಹಾರ. ಇದರಿಂದ ನಡುವಿನ ದಪ್ಪಕ್ಷರಗಳು ಕೆಲವೆಡೆ ಕಳೆದುಹೋಗುತ್ತವೆ. ಪದಗಳು ಕೆಡುವುದಕ್ಕಿಂತ ಅದು ಎಷ್ಟೋ ಮೇಲು.

ಪರಿವರ್ತನೆಯಾದ ಮೇಲೆ ಉಳಿಯುವ ದೋಷಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದು ಸೊನ್ನೆಯ ಸಮಸ್ಯೆ. ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಒಂದೇ ಬಗೆಯಾಗಿರುವುದರಿಂದ ಟೈಪು ಮಾಡುವವರು ‘ಸಂಘ’ ಎಂಬಲ್ಲಿ ಅನುಸ್ವಾರದ ಬದಲಿಗೆ ಅಂಕಿಯನ್ನು ಒತ್ತಿರುವ ಉದಾಹರಣೆಗಳು ಯಥೇಚ್ಛವಾಗಿದ್ದವು. ಅಚ್ಚಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ, ಹುಡುಕುವಾಗ ಮಾತ್ರ ಆ ಪದ ಸಿಗುವುದಿಲ್ಲ. ಲಿಬ್ರೆಆಫೀಸ್ ರೈಟರಿನ ಹುಡುಕಿ ಬದಲಿಸುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬುದಕ್ಕೆ ಗುರುತು ಹಾಕಿ, ಹುಡುಕುವ ಜಾಗದಲ್ಲಿ ([ಅ-ೌ])[0೦] ಎಂದೂ ಬದಲಿಸುವ ಜಾಗದಲ್ಲಿ $1ಂ ಎಂದೂ ಕೊಟ್ಟರೆ, ಅಕ್ಷರದ ಬೆನ್ನಿಗೇ ಬಂದಿರುವ ಸೊನ್ನೆಗಳು ಮಾತ್ರ ಅನುಸ್ವಾರವಾಗುತ್ತವೆ, ೨೦೧೦ ಎಂಬಂತಹ ಇಸವಿಗಳು ಹಾಗೆಯೇ ಉಳಿಯುತ್ತವೆ. ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿಯನ್ನು ಮಾತ್ರ ಒತ್ತಬಾರದು. ಅಕ್ಷರಕ್ಕೆ ಅಂಟಿಕೊಂಡೇ ಅಂಕಿ ಬರುವ ನಿವೇಶನದ ಸಂಖ್ಯೆಗಳೂ ಪಟ್ಟಿಯಲ್ಲಿ ಇರಬಹುದಾದ್ದರಿಂದ ಒಂದೊಂದನ್ನೂ ನೋಡಿ ಒಪ್ಪಿಕೊಳ್ಳುತ್ತ ಹೋಗುವುದು ಕ್ಷೇಮ.

ಎರಡನೆಯದು ‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಮೊದಲಾದ ಪದಗಳದು. ಯುನಿಕೋಡಿನಲ್ಲಿ ವಿರಾಮದ ಮುಂದೆ ವ್ಯಂಜನ ಬಂದರೆ ಅದು ತಾನಾಗಿ ಒತ್ತಕ್ಷರವಾಗುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಪರಿವರ್ತಕವು ಅದನ್ನು ಸೇರಿಸದಿದ್ದರೆ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ, ಲಗ್ನಪತ್ರಿಕೆಯಲ್ಲಿ ಇಂತಹದನ್ನು ಯಾರೂ ಕ್ಷಮಿಸುವುದಿಲ್ಲ. ವರ್ಡಿನಲ್ಲಿ ವಿಶೇಷ ಚಿಹ್ನೆಗಳ ಪಟ್ಟಿಯಿಂದ ‘ನೋ ವಿಡ್ತ್ ಆಪ್ಷನಲ್ ಬ್ರೇಕ್’ ಎಂಬುದನ್ನು ಆರಿಸಿದರೆ ಅದು ಸಿಗುತ್ತದೆ.

ಮೂರನೆಯದು ಇನ್ನೂ ಒಳಗಿನದು. ‘ಕೋ’ ಎಂಬುದನ್ನು ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ತುಂಡುಗಳನ್ನು ಸಾಲಾಗಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಒಂದು ರೂಪದಲ್ಲಿ ಟೈಪು ಮಾಡಿ ಹುಡುಕಿದರೆ ಇನ್ನೊಂದು ರೂಪದಲ್ಲಿರುವ ಪದವು ಅನೇಕ ತಂತ್ರಾಂಶಗಳಿಗೆ ಕಾಣುವುದಿಲ್ಲ. ಯುನಿಕೋಡಿನಲ್ಲಿ ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ಕ್ರಮವು ಇದಕ್ಕಾಗಿಯೇ ಇದ್ದು, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಪ್ರೋಗ್ರಾಮಿನ ಕೊನೆಯ ಹೆಜ್ಜೆಯಾಗಿ ಅದನ್ನು ಸೇರಿಸಿಬಿಟ್ಟೆವು.

ಇಷ್ಟಾದ ಮೇಲೂ ಕರಡು ತಿದ್ದುವುದು ತಪ್ಪುವುದಿಲ್ಲ. ಒಬ್ಬರು ಪಿಡಿಎಫನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹೊಸ ಬರಹದ ಮೇಲೆ ಕಣ್ಣಾಡಿಸುವುದು, ಹೀಗೆ ಪ್ರೆಸ್ಸುಗಳ ಹಳೆಯ ಪದ್ಧತಿಯನ್ನೇ ಅನುಸರಿಸಿದೆವು. ವರದಿಗಳ ಒಕ್ಕಣೆಯನ್ನು ಮೇಲುಮೇಲೆ ನೋಡಿದರೂ ಹೆಸರು, ಇನಿಷಿಯಲ್, ಹಣದ ಮೊತ್ತ ಇವುಗಳನ್ನು ಒಂದನ್ನೂ ಬಿಡದೆ ಓದಿದೆವು. ಹಳೆಯ ಫಾಂಟುಗಳಲ್ಲಿ ಕೆಲವು ಕನ್ನಡ ಅಂಕಿಗಳನ್ನೂ ಕೆಲವು ಇಂಗ್ಲಿಷ್ ಅಂಕಿಗಳನ್ನೂ ತೋರಿಸುವುದರಿಂದ ಅಂಕಿಗಳ ಕಡೆಗೆ ಹೆಚ್ಚು ಗಮನ ಬೇಕಾಗುತ್ತದೆ.

ಟೈಪು ಮಾಡುವವರಿಗೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿ ಧೈರ್ಯ ತುಂಬಬೇಕು. ನಮ್ಮ ಹಿರಿಯ ಆಪರೇಟರ್ ಮೇಡಂ, “ನನ್ನ ಬೆರಳು ಈ ಕೀಲಿ ಬಿಟ್ಟು ಬೇರೆ ಕಡೆ ಓಡೋದಿಲ್ಲ ಸಾರ್” ಎಂದು ಖಂಡಿತವಾಗಿ ಹೇಳಿದ್ದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸವೇ ಯುನಿಕೋಡ್ ಟೈಪಿಂಗಿಗೂ ನುಡಿಯಲ್ಲಿ ದೊರೆಯುತ್ತದೆ, ಲಿನಕ್ಸಿನಲ್ಲಿಯೂ ಕಗಪ ಎಂಬ ಹೆಸರಿನಲ್ಲಿ ಇದೆ. ಮೇಡಂ ಅಂದು ಮಧ್ಯಾಹ್ನವೇ ಎಂದಿನ ವೇಗದಲ್ಲಿ ಕೆಲಸ ಮಾಡುತ್ತಿದ್ದರು.

ಪುಟವಿನ್ಯಾಸದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಕಾಯಿತು. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ತಿಳಿಯದು. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಬಳಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಣ ಕೊಡಲು ಮನಸ್ಸಿಲ್ಲದವರಿಗೆ ಸ್ಕ್ರೈಬಸ್ 1.6 ಇದೆ, ಅದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ನೋಟೋದಂತಹ ಫಾಂಟುಗಳು ಒತ್ತಕ್ಷರಕ್ಕೆಂದು ಸಾಲಿನ ಕೆಳಗೆ ಧಾರಾಳವಾಗಿ ಜಾಗ ಬಿಡುವುದರಿಂದ ಸಾಲುಗಳ ಅಂತರವನ್ನು ಹೊಸದಾಗಿ ಹೊಂದಿಸದೆ ಹಳೆಯ ಪುಟಸಂಖ್ಯೆ ಬರುವುದಿಲ್ಲ. ಲಗ್ನಪತ್ರಿಕೆಗೆ ಬೇಕಾಗುವ ಬಳ್ಳಿಹೂವಿನ ಅಲಂಕಾರದ ಅಕ್ಷರಗಳು ಯುನಿಕೋಡಿನಲ್ಲಿ ಇನ್ನೂ ಹಳೆಯ ಸಂಗ್ರಹದಷ್ಟು ಇಲ್ಲ, ಇದು ನಮ್ಮ ಕಸುಬಿನವರ ನಿಜವಾದ ಕೊರಗು. ಆದುದರಿಂದ ಲಗ್ನಪತ್ರಿಕೆಗಳನ್ನು ನಾವು ಪರಿವರ್ತಿಸಲೇ ಇಲ್ಲ. ಮದುವೆ ಮುಗಿದ ಮೇಲೆ ಆ ಬರಹವನ್ನು ಯಾರು ಹುಡುಕುತ್ತಾರೆ? ಪಿಡಿಎಫ್ ಇದ್ದರೆ ಸಾಕು.

ಎಲ್ಲವನ್ನೂ ಪರಿವರ್ತಿಸಬೇಕೆಂಬ ಹಟ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿವರ್ಷ ಮತ್ತೆ ಬರುವ ವರದಿ, ಪಟ್ಟಿ, ಮರುಮುದ್ರಣವಾಗುವ ಪುಸ್ತಿಕೆ ಇವುಗಳನ್ನು ಮೊದಲು ಮುಗಿಸಿದೆವು. ಉಳಿದವನ್ನು ಗ್ರಾಹಕರು ಕೇಳಿದಾಗ ಮಾಡಿಕೊಡುತ್ತೇವೆ. ಒಂದೆರಡು ಪುಟದ ಬರಹವಾದರೆ ಹೊಸದಾಗಿ ಟೈಪು ಮಾಡುವುದೇ ಬೇಗ ಮುಗಿಯುತ್ತದೆ.

ಶ್ರೀಲಿಪಿ ಎಂಬ ಇನ್ನೊಂದು ಕನ್ನಡ ತಂತ್ರಾಂಶದಲ್ಲಿರುವ ಫೈಲುಗಳ ಸಂಕೇತಗಳು ಬೇರೆಯೇ ಆಗಿರುವುದರಿಂದ ನಮ್ಮ ಪಟ್ಟಿ ಅವಕ್ಕೆ ನಡೆಯಲಿಲ್ಲ. ಅವುಗಳ ಪಿಡಿಎಫನ್ನು ಪುಟಪುಟವಾಗಿ ಚಿತ್ರಗಳನ್ನಾಗಿ ಮಾಡಿ, ಚಿತ್ರದಲ್ಲಿರುವ ಕನ್ನಡವನ್ನು ಓದಿ ಬರಹವಾಗಿಸಬಲ್ಲ ಟೆಸೆರಾಕ್ಟ್ ಎಂಬ ಉಚಿತ ಓಸಿಆರ್ ತಂತ್ರಾಂಶಕ್ಕೆ ಕೊಡುತ್ತಿದ್ದೇವೆ. ಫೋಟೋ ತೆಗೆದ ಕಾಗದಕ್ಕಿಂತ ಪಿಡಿಎಫಿನಿಂದ ನೇರವಾಗಿ, 300 ಡಿಪಿಐಯಲ್ಲಿ ತೆಗೆದ ಚಿತ್ರದ ಅಂಚುಗಳು ಸ್ಪಷ್ಟವಾಗಿರುವುದರಿಂದ ಫಲಿತಾಂಶವು ಚೆನ್ನಾಗಿ ಬರುತ್ತದೆ. ಒತ್ತಕ್ಷರಗಳು ದಟ್ಟವಾಗಿರುವ ಸಂಸ್ಕೃತ ಸ್ತೋತ್ರಗಳಲ್ಲಿ ಅದು ಇನ್ನೂ ತಡವರಿಸುತ್ತಿದೆ, ಅವನ್ನು ಮೇಡಂ ಅವರೇ ಟೈಪು ಮಾಡುತ್ತಿದ್ದಾರೆ.