ತಾಲೀಮಿನ ವೇಳಾಪಟ್ಟಿ ಹಾಕುವ ಮುನ್ನ

ವೇಳಾಪಟ್ಟಿ ಹಾಕುವಾಗ ಹೆಚ್ಚಿನ ನಾಟಕ ತಂಡಗಳು ಲೆಕ್ಕ ಹಿಡಿಯುವುದು ನಟರ ಸಮಯವನ್ನು: ಮಧ್ಯಾಹ್ನ 12ರಿಂದ ರಾತ್ರಿ 10. ಆದರೆ ಲೈಟಿಂಗ್‌ನವರು ದೀಪ ಕಟ್ಟಲು ಬೆಳಿಗ್ಗೆ 10ಕ್ಕೇ ಬಂದಿರುತ್ತಾರೆ, ನಟರು ಹೋದ ಮೇಲೆ ಕೆಟ್ಟದ್ದನ್ನು ಸರಿಮಾಡಿ ಹೊರಡುವಾಗ 11:30. ಕಾಗದದ ಮೇಲಿನ 10 ಗಂಟೆ ಅವರಿಗೆ ಹದಿಮೂರೂವರೆ ಗಂಟೆಯಾಯಿತು. ಆದ್ದರಿಂದ ಬಾಗಿಲು ತೆಗೆಯುವವರಿಂದ ಹಿಡಿದು ಬೀಗ ಹಾಕುವವರವರೆಗೆ ಎಣಿಸಿ.

ಮೊದಲು ಬರೆಯಬೇಕಾದದ್ದು ವಿಶ್ರಾಂತಿ, ಆಮೇಲೆ ಕೆಲಸ. ಯುರೋಪಿಯನ್ ಒಕ್ಕೂಟದ 2003ರ ನಿಯಮ ದಿನಕ್ಕೆ ಸತತ 11 ಗಂಟೆ ಬಿಡುವು ಕೇಳುತ್ತದೆ. ಅಳತೆಗೋಲಾಗಿ ಅದನ್ನೇ ಇಟ್ಟುಕೊಳ್ಳಬಹುದು. ರಾತ್ರಿ 11:30ಕ್ಕೆ ಹೊರಟವರನ್ನು ಮರುದಿನ 10:30ಕ್ಕಿಂತ ಮುಂಚೆ ಕರೆಯುವಂತಿಲ್ಲ. ವಾರಕ್ಕೊಂದು ಪೂರ್ತಿ ರಜೆ ಎಂದರೆ ವಸ್ತ್ರದ ಅಳತೆಗೂ ಆ ದಿನ ಕರೆಯಬಾರದು.

ನಡುವಿನ ಬಿಡುವಿಗೆ ಅಮೆರಿಕದ ನಟರ ಸಂಘದ ಲೆಕ್ಕ ಸರಳ: 55 ನಿಮಿಷದ ಕೆಲಸಕ್ಕೆ 5 ನಿಮಿಷ, ಇಲ್ಲವೇ 80ಕ್ಕೆ 10. ಇದು ಕೈತಪ್ಪುವುದು ಒಂದೇ ಕಾರಣಕ್ಕೆ. ನಿರ್ದೇಶಕರು ಆ 5 ನಿಮಿಷದಲ್ಲೇ ಯಾರನ್ನಾದರೂ ಕರೆದು ತಿದ್ದುತ್ತಾರೆ, ಸ್ಟೇಜ್ ಮ್ಯಾನೇಜರ್‌ಗೆ ಎಲ್ಲರ ಪ್ರಶ್ನೆಗಳೂ ಆಗಲೇ ಬರುತ್ತವೆ. ಗಡಿಯಾರ ಒಬ್ಬರ ಕೈಯಲ್ಲಿರಲಿ, ಆ ಹೊತ್ತಿನಲ್ಲಿ ನಾಟಕದ ಮಾತು ಬೇಡ.

ಸಮಯ ನುಂಗುವುದು ಟೆಕ್ನಿಕಲ್ ತಾಲೀಮು, ಅಂದರೆ ಬೆಳಕು, ಧ್ವನಿ, ಸೆಟ್‌ಗಳನ್ನು ನಾಟಕಕ್ಕೆ ಹೊಂದಿಸುವ ತಾಲೀಮು. 12 ಗಂಟೆಯಲ್ಲಿ 10 ಗಂಟೆ ದುಡಿಸುವ ಪದ್ಧತಿ ಹುಟ್ಟಿದ್ದೇ ಇಲ್ಲಿ, ಮತ್ತು ಅದರ ದೊಡ್ಡ ಪಾಲು ಸುಮ್ಮನೆ ನಿಲ್ಲುವುದು. ಇದನ್ನು ಮೂರಾಗಿ ಒಡೆಯಿರಿ. ರಂಗಮಂದಿರಕ್ಕೆ ಹೋಗುವ ಮೊದಲು ನಿರ್ದೇಶಕರು, ಬೆಳಕು, ಧ್ವನಿ, ಸ್ಟೇಜ್ ಮ್ಯಾನೇಜರ್ ಮೇಜಿನ ಸುತ್ತ ಕುಳಿತು ಪ್ರತಿ ಕ್ಯೂಗೂ (ಬೆಳಕು, ಧ್ವನಿ, ಸೆಟ್ ಬದಲಿಸುವ ಸೂಚನೆಗೆ) ಸಂಖ್ಯೆ ಕೊಟ್ಟು ಸ್ಕ್ರಿಪ್ಟ್‌ನಲ್ಲಿ ಯಾವ ಮಾತಿನ ಮೇಲೆ ಬೀಳಬೇಕೆಂದು ಗುರುತು ಹಾಕಲಿ. ಆಮೇಲೆ ನಟರಿಲ್ಲದೆ ಬೆಳಕು, ಧ್ವನಿ, ಸೆಟ್ ಬದಲಾವಣೆ ನಡೆಸಿ ನೋಡಿ. ಮೂರನೆಯ ಹಂತಕ್ಕೆ ನಟರು ಬರಲಿ. ಕ್ಯೂಗೆ ಎರಡು ಸಾಲು ಮುಂಚಿನಿಂದ ಹಿಡಿದು, ಕ್ಯೂ ಆದೊಡನೆ ಮುಂದಿನದಕ್ಕೆ ಹಾರಬೇಕು. ಎರಡು ಸಲ ತಪ್ಪಿದ ಕ್ಯೂವನ್ನು ಬರೆದಿಟ್ಟು ಮುಂದುವರಿಯಿರಿ. ಅಭಿನಯ ತಿದ್ದುವ ಆಸೆ ಇಲ್ಲೇ ಹುಟ್ಟುತ್ತದೆ. ಇಪ್ಪತ್ತು ಜನ ರಂಗದ ಪಕ್ಕದ ವಿಂಗ್ಸ್‌ನಲ್ಲಿ ನಿಂತಿರುವಾಗ ಅದು ದುಬಾರಿ ಆಸೆ. ಏಣಿ ಹತ್ತುವ ಕೆಲಸವೆಲ್ಲ ದಿನದ ಮೊದಲ ಗಂಟೆಗಳಲ್ಲೇ ಮುಗಿಯಲಿ. ಸುಸ್ತಾದ ಕೈಗೆ ರಾತ್ರಿ ಸ್ಪಾನರ್ ಕೊಡುವುದು ಅಪಾಯ.

ತಾಲೀಮಿನ ನಂತರ ನಿರ್ದೇಶಕರು ಹೇಳುವ ಟಿಪ್ಪಣಿಯೂ ಕೆಲಸವೇ. ಹೊರಡುವ ಸಮಯಕ್ಕೆ 30 ನಿಮಿಷ ಮೊದಲೇ ಆಟ ನಿಲ್ಲಿಸಿ ಟಿಪ್ಪಣಿ ಹೇಳಿ. ಉಳಿದದ್ದನ್ನು ಬರೆದು ಮರುದಿನ ಕೊಡಿ.

ಗಂಟೆ ಇಳಿಸಿದರೆ ದಿನ ಏರಬೇಕು, ಇಲ್ಲವೇ ಕ್ಯೂಗಳು ಇಳಿಯಬೇಕು. ಎರಡೂ ಆಗದಿದ್ದರೆ ಉಳಿದ ಕೆಲಸ ಕದ್ದುಮುಚ್ಚಿ ಮನೆಗೆ ಹೋಗುತ್ತದೆ. ಹೆಚ್ಚುವರಿ ದಿನದ ರಂಗಮಂದಿರ ಬಾಡಿಗೆಯನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸಿ. ಗಂಟೆ ಲೆಕ್ಕದ ಕೂಲಿಯವರಿಗೆ ದಿನ ಚಿಕ್ಕದಾದರೆ ಸಂಬಳವೂ ಕಡಿಮೆಯಾಗುತ್ತದೆ, ಹಾಗಾಗಿ ವಾರದ ಸಂಬಳವನ್ನು ಒಪ್ಪಂದದಲ್ಲೇ ನಿಗದಿ ಮಾಡಿ.

ಬಾಗಿಲ ಬಳಿ ಒಂದು ಪುಸ್ತಕ ಇಡಿ. ಬಂದ ಹೊತ್ತು, ಹೋದ ಹೊತ್ತನ್ನು ಪ್ರತಿಯೊಬ್ಬರೂ ತಾವೇ ಬರೆಯಲಿ, ನಿರ್ದೇಶಕರೂ ಸಹ. ವಾರದ ಕೊನೆಗೆ ಅದನ್ನು ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ಮುಂದಿನ ವಾರದ್ದನ್ನು ಪುಸ್ತಕ ನೋಡಿಯೇ ಹಾಕಿ.